ಭರತನಿಗೆ ಕೊಟ್ಟ ಮಾತು

ಮಗಳ ಮದುವೆಯಲ್ಲಿ ಅಣ್ಣ ದಿವಾಕರನನ್ನು ಮೊದಲ ಪಂಕ್ತಿಯ ಊಟಕ್ಕೆ ಕರೆಯಲು ಮರೆತದ್ದು, ಅಷ್ಟೇ ನಾಗಭೂಷಣ ಮಾಡಿದ ತಪ್ಪು. ಎರಡನೆಯ ಪಂಕ್ತಿಗೆ ಪಾಯಸ ತಳ ಕಂಡಿತ್ತು. ಎಲೆ ಮಡಚಿ ಎದ್ದ ಅಣ್ಣ ಹೊಳನಗದ್ದೆಯ ಮನೆಯನ್ನೇ ಬಿಟ್ಟು ಕರ್ಕಿಯಲ್ಲಿ ಬಾಡಿಗೆಗೆ ನಿಂತ. ಅಂದಿನಿಂದ ತಮ್ಮನೊಡನೆ ಮಾತಿಲ್ಲ.

ಈಗ ಹೊಸ್ತಿನ ಹಬ್ಬ. ಹೊಸ ಅಕ್ಕಿಯ ಮೊದಲ ಅನ್ನವನ್ನು ಮನೆಯವರೆಲ್ಲ ಒಟ್ಟಿಗೆ ಉಣ್ಣಬೇಕು. ಹಿರಿಮಗ ಬಾರದೆ ತುತ್ತು ಮುಟ್ಟುವುದಿಲ್ಲವೆಂದು ತಾಯಿ ಹನುಮಕ್ಕ ಬೆಳಿಗ್ಗೆಯೇ ಒಲೆಗೆ ಬೆನ್ನು ಹಾಕಿ ಕುಳಿತಳು.

ಮೀನಿನ ಬುಟ್ಟಿ ಕಂಡ ಬೆಕ್ಕಿನಂತೆ ಪಕ್ಕದ ಮನೆಯ ವಿನೋದ ಬೇಲಿ ದಾಟಿ ಬಂದ. ಮಧ್ಯಾಹ್ನ ದೇವಸ್ಥಾನದಲ್ಲಿ ಅವನೇ ಏರ್ಪಡಿಸಿದ ತಾಳಮದ್ದಳೆಯಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದಕ್ಕೆ ಕುಳಿತಲ್ಲೇ ಅರ್ಥ ಹೇಳಿ ವಾದಿಸುವುದು. ಕಾಡಿಗೆ ಹೋದ ರಾಮನನ್ನು ಭರತ ಮನೆಗೆ ಕರೆಯುವ ಪ್ರಸಂಗ. ರಾಮನ ಅರ್ಥ ದಿವಾಕರನದೆಂದು ಮೊದಲೇ ಗೊತ್ತಾಗಿತ್ತು. ಭರತನಾಗಬೇಕಾದವನಿಗೆ ವಿನೋದ ನಿಂತ ನಿಲುವಿನಲ್ಲೇ ಸುಳ್ಳು ಜ್ವರ ಬರಿಸಿದ.

"ನೀನೇ ಭರತ. ಅಲ್ಲಿ ಅವ ನಿನ್ನ ಹತ್ರ ಮಾತಾಡ್ದೆ ಎಂತ ಮಾಡ್ತ ಮಾರಾಯ?"

ಹಬ್ಬಕ್ಕೆ ಸೇರಿದ್ದ ನೆಂಟರಲ್ಲಿ ಕಾಲು ಹಿಡಿ ಎಂದರು ಕೆಲವರು. ಅತ್ತುಬಿಡು ಎಂದರು ಉಳಿದವರು. ಹೆಂಡತಿ ಪವಿತ್ರಾ ದೊಡ್ಡ ಟವೆಲು ಕೊಟ್ಟಳು.

ಎದುರಿಗೆ ತಮ್ಮನನ್ನು ಕಂಡು ದಿವಾಕರನ ಮುಖ ಹರಳೆಣ್ಣೆ ಕುಡಿದಂತಾಯಿತು. ಆದರೆ ಮದ್ದಳೆಗೆ ಪೆಟ್ಟು ಬಿದ್ದ ಮೇಲೆ ಎದ್ದು ಹೋದರೆ ಅರ್ಥಧಾರಿಯ ಮರ್ಯಾದೆ ಉಳಿಯುವುದಿಲ್ಲ.

ನಾಗಭೂಷಣನಿಗೆ ದಾರಿಯಲ್ಲಿ ಜೋಡಿಸಿಕೊಂಡ ಅರ್ಥವೆಲ್ಲ ಮರೆತುಹೋಯಿತು. "ಅಣ್ಣಾ, ನೀನಿಲ್ಲದೆ ಅಯೋಧ್ಯೆಯಲ್ಲಿ ಹೊಸ ಅಕ್ಕಿ ಬೇಯುತ್ತಿಲ್ಲ. ತಾಯಿ ಉಪವಾಸವಿದ್ದಾಳೆ," ಎಂದ.

"ಅಯೋಧ್ಯೆಯಲ್ಲಿ ನನಗೆ ಎಷ್ಟನೆಯ ಪಂಕ್ತಿ, ಭರತಾ?"

ಸಭೆ ಗೊಳ್ಳೆಂದಿತು. ನಾಗಭೂಷಣ ಟವೆಲಿನಲ್ಲಿ ಮುಖ ಹುದುಗಿಸಿ ನಿಜವಾಗಿಯೇ ಅತ್ತ. ದಿವಾಕರ ಹೆಗಲ ಶಾಲಿನ ತುದಿಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡ.

"ಆಗಲಿ ತಮ್ಮಾ, ಬರುತ್ತೇನೆ."

ಭಾಗವತರ ಕೈಯ ತಾಳ ನಿಂತಿತು. ರಾಮ ಒಪ್ಪಿಬಿಟ್ಟರೆ ಮುಂದೆ ಹಾಡಲು ಅವರ ಬಳಿ ಪದವೇ ಇಲ್ಲ. ಹಾಗಾದರೆ ರಾವಣನನ್ನು ಕೊಲ್ಲುವವರು ಯಾರೆಂದು ಹಿಂದಿನಿಂದ ಒಬ್ಬರು ಕೇಳಿದರು. ವಿನೋದ ಗಡಿಬಿಡಿಯಲ್ಲಿ ಮಂಗಳ ಹಾಡಿಸಿದ.

ಮಾತು ಕೊಟ್ಟಂತೆ ದಿವಾಕರ ನೇರ ಮನೆಗೆ ಬಂದ. ಹನುಮಕ್ಕ ಮಗನ ಬೆನ್ನು ಸವರಿ ಹೊಸ ಅನ್ನ ಬಡಿಸಿದಳು, ತಾನೂ ಉಂಡಳು. ನಾಗಭೂಷಣನ ಎದೆ ಹಗುರಾಯಿತು. ಸಾರಿನ ಪಾತ್ರೆ ಹಿಡಿದು ಬಗ್ಗಿದ.

"ಅಣ್ಣ, ಸಾರು ಹಾಕ್ಲಾ?"

ದಿವಾಕರ ಪವಿತ್ರಾಳತ್ತ ತಿರುಗಿದ.

"ಪವಿತ್ರಾ, ನಾ ಮಾತು ಕೊಟ್ಟದ್ದು ಭರತಂಗೆ. ನಿನ್ನ ಗಂಡನ ಹತ್ರ ನಂಗೆ ಎಂತ ಮಾತೂ ಇಲ್ಲ."

ಪಾತ್ರೆ ಹಿಡಿದ ಕೈ ಅಲ್ಲೇ ನಿಂತಿತು. ಮಗ ಮತ್ತೆ ಎಲೆ ಮಡಚಿಯಾನೆಂದು ಹನುಮಕ್ಕ ಕಿರಿಯವನಿಗೆ ಕಣ್ಣಿನಲ್ಲೇ ಬೇಡಿಕೊಂಡಳು. ನಾಗಭೂಷಣ ಗಂಟಲು ಸರಿ ಮಾಡಿಕೊಂಡ.

"ರಘುಕುಲತಿಲಕಾ, ಸಾರು ಬಡಿಸಲು ಅಪ್ಪಣೆಯಾಗಲಿ."

"ಬಡಿಸು ವತ್ಸಾ. ತಳದಿಂದ ಬಡಿಸು."

ಸಂಜೆ ಕರ್ಕಿಯಿಂದ ಅಣ್ಣನ ಟ್ರಂಕು, ಹಾಸಿಗೆ ಎಲ್ಲ ಬಂದವು. ಇನ್ನು ಇಲ್ಲೇ ವಾಸವಂತೆ. ಅವನ ಸ್ಕೂಟರು ನಾಗಭೂಷಣನ ಬೈಕಿಗೆ ಅಡ್ಡ ನಿಂತಿತ್ತು. ಜಗಲಿಯ ತುದಿಯಲ್ಲಿ ಕುಳಿತು ನಾಗಭೂಷಣ ಮಾತು ಜೋಡಿಸತೊಡಗಿದ. ಸ್ಕೂಟರನ್ನು ರಥ ಎನ್ನಬಹುದು. ಸೈಡ್ ಸ್ಟ್ಯಾಂಡಿಗೆ ಏನೆನ್ನುವುದು?