ಹುಳಕ್ಕ ಸೋಮವಾರದ ಉಪಾಸ

ನಾನು ಎಲ್ಲಿ ನಿಂತ್ರೂ ಅಲ್ಲಿ ನಗೋವಂಥದ್ದು ಒಂದು ನಡದ ನಡೀತೈತಿ. ಆದೋನಿಯ ಎಣ್ಣಿ ಮಿಲ್ಲಿನ್ಯಾಗ ಹೊಲಸು ನೀರಿನ ತೊಟ್ಟಿ ಕಾಯಾಕ ನಿಂತ ಮ್ಯಾಲಂತೂ ನಕ್ಕು ನಕ್ಕು ಇದ್ದ ನಾಕು ಹಲ್ಲೂ ಅಳ್ಳಾಡಾಕ ಹತ್ಯಾವ.

ಕಾಣದ ದನ

ಮಿಲ್ಲಿನ ನೀರು ಹಳ್ಳ ಸೇರಿ ನಾರ್ತೈತಂತ ಓಣಿ ಮಂದಿ ದೂರು ಕೊಟ್ಟಿದ್ರು. ನೀರು ತಿಳಿ ಆಗಲಿಲ್ಲಂದ್ರ ಮಿಲ್ಲಿಗೆ ಬೀಗ ಅಂದ ನೋಡಾಕ ಬಂದ ಪೊಲ್ಯೂಷನ್ ಆಫೀಸರು. ನಮ್ಮ ಸಾವಕಾರ್ರು ಹೆದರಿ ಕರ್ನೂಲಿಂದ ಒಬ್ಬಾಕಿ ಇಂಜಿನೀರಮ್ಮನ್ನ ಕರಿಸಿದ್ರು. ಆಕಿ ಡಬ್ಬಿ ತುಂಬ ಕಂದು ನೀರು ತಂದು ತೊಟ್ಟಿಗೆ ಸುರುವಿದ್ಲು. ಇದ್ರಾಗ ಹುಳ ಅದಾವ ತಾತಾ, ಹೊಲಸೆಲ್ಲ ಅವೇ ತಿಂತಾವ, ದಿನಾ ಬೆಲ್ಲ ಸಗಣಿ ಹಾಕು, ಗಾಳಿ ಮೋಟರು ನಿಲ್ಲಸಬ್ಯಾಡ ಅಂದ್ಲು.

ಸರೆ ಅಂದೆ. ಹುಳ ಆದ್ರೇನು, ದನ ಆದ್ರೇನು, ಕಾಯೋದ್ರಾಗ ನನ್ನ ಮೀರಿಸೋನು ಆದೋನಿಯಿಂದ ಮದ್ದಿಕೇರಿತನ ಇನ್ನಾ ಹುಟ್ಟಿಲ್ಲ. ಬಗ್ಗಿ ನೋಡಿದೆ, ಏನೂ ಕಾಣವಲ್ದು. ಕಣ್ಣಿಗೆ ಕಾಣಂಗಿಲ್ಲ ಅಂದ್ಲು.

"ಹಂಗಾರ ಒಂದೆರಡು ಕಮ್ಮಿ ಬಿದ್ರ ನನ್ನ ಕೇಳಬ್ಯಾಡಮ್ಮಾ," ಅಂದೆ.

ವ್ರತ

ಸಾವಕಾರ್ರು ದೊಡ್ಡ ಶಿವಭಕ್ತರು. ಸೋಮವಾರ ಸಂಜಿತನ ನೀರು ಬಿಟ್ರ ಬಾಯಿಗೆ ಏನೂ ಮುಟ್ಟಸಂಗಿಲ್ಲ. ಒಂದು ಸೋಮವಾರ ನಾನು ಬೆಲ್ಲ ಕುಟ್ಟಾಕ ಕುಂತಿದ್ದೆ, ಬಂದು ಕೈ ಹಿಡದ್ರು. ನಮ್ಮ ಮಿಲ್ಲಿನ ಅನ್ನ ಉಣ್ಣೋರು ನಮ್ಮ ವ್ರತಾನೂ ಹಿಡೀಬೇಕು ಅಂದ್ರು.

"ಅವಕ್ಕಿನ್ನಾ ಲಿಂಗಧಾರಣ ಆಗಿಲ್ರಿ, ಉಣ್ಣಾಕ ಬಿಡ್ರಿ," ಅಂದೆ.

ಬೆಲ್ಲದ ಡಬ್ಬಿಗೆ ಕೀಲಿ ಜಡದು ಹೋದ್ರು. ಅವತ್ತಿನಿಂದ ಸೋಮವಾರಕ್ಕೊಮ್ಮೆ ಹುಳಕ್ಕೂ ಉಪಾಸ. ಅದರ ಪುಣ್ಯ ಹುಳಕ್ಕ ಬಂತೋ ಸಾವಕಾರ್ರಿಗೆ ಬಂತೋ, ಶಿವನಿಗೇ ಗೊತ್ತು.

ಬಚ್ಚಲ ಗುಂಡಿ

ನಮ್ಮನಿ ಬಚ್ಚಲ ಗುಂಡೀನೂ ನಾರ್ತಿತ್ತು. ಇಂಜಿನೀರಮ್ಮನ್ನ ಕೇಳಿ ತೊಟ್ಟಿಯಿಂದ ಒಂದು ಡಬ್ಬಿ ಹುಳ ಒಯ್ದೆ. ಮಂದಿ ಮಿಲ್ಲಿಂದ ಎಣ್ಣಿ ತರ್ತಾರ, ನೀನು ಹೊಲಸು ತಂದಿ ಅಂತ ನನ್ನ ಹೆಂಡ್ತಿ ಬೈದ್ಲು. ದಿನ ಕಳದಂಗ ನಾತ ಹೋತು. ಆಮ್ಯಾಲ ಅಕ್ಕಿ ತೊಳದ ನೀರು, ಗಂಜಿ, ಬೆಲ್ಲದ ಚೂರು, ಎಲ್ಲಾ ಗುಂಡಿಗೇ. ನನ್ನ ಚಾದಾಗ ಬೆಲ್ಲ ಕಮ್ಮಿ ಆತು. ಯಾಕಂತ ಕೇಳಿದೆ.

"ಅವು ಹೇಳಿದ ಕೆಲಸ ಮಾಡ್ತಾವ," ಅಂದ್ಲು.

ನಾನಿಲ್ಲದಾಗ

ಆಫೀಸರು ಬರೋ ಹಿಂದಿನ ದಿನ ನಾನು ಹೊಳಗುಂದಕ್ಕ ಒಂದು ಮದುವಿಗೆ ಹೋಗಿದ್ದೆ. ನಾನಿಲ್ಲಂದ್ರ ಆ ಮಿಲ್ಲು ಒಂದು ದಿನಾನೂ ನೆಟ್ಟಗಿರಂಗಿಲ್ಲ. ದೊಡ್ಡೋರು ಬರ್ತಾರಂತ ಸಾವಕಾರ್ರು ಗ್ವಾಡಿಗೆ ಸುಣ್ಣ ಹೊಡಿಸಿ, ನೆಲಕ್ಕ ಫಿನಾಯಿಲ್ ಹಾಕಿಸಿ, ಸಾಲದ್ದಕ್ಕ ತೊಟ್ಟಿಗೂ ಒಂದು ಚೀಲ ಬ್ಲೀಚಿಂಗ್ ಪುಡಿ ಸುರುವಿಸ್ಯಾರ. ಹುಳ ಎಲ್ಲಾ ಕೈಲಾಸ ಸೇರಿದ್ವು.

ಮರುದಿನ ಆಫೀಸರು ಬಂದು ಮೂಗು ಮುಚ್ಕಂಡು ನಿಂತ. ಮುಂದಿನ ಸಲ ಬಂದಾಗ್ಲೂ ಹಿಂಗ ಇದ್ರ ಬೀಗ ಖಾಯಂ ಅಂದು ಹೋದ. ಹಮಾಲರೆಲ್ಲ ಒಬ್ಬರ ಮಕ ಒಬ್ಬರು ನೋಡಿದ್ರು. ಮಿಲ್ಲು ಮುಚ್ಚಿದ್ರ ಎಲ್ಲರ ಒಲಿನೂ ಆರಿದಂಗ. ಹುಳ ಮತ್ತ ಮೊದಲಿಂದ ಪಳಗಿಸಬೇಕು, ಅಷ್ಟು ಟೈಮ್ ಎಲ್ಲೈತಿ ಅಂತ ಇಂಜಿನೀರಮ್ಮ ತಲಿಮ್ಯಾಲ ಕೈ ಹೊತ್ತು ಕುಂತ್ಲು.

ಸಾವಕಾರ್ರು ಮೆಲ್ಲಕ, "ತೊಟ್ಟಿ ಮಾತ್ರ ಬೆಳ್ಳಗ ಚೆಂದ ಕಾಣ್ತಿತ್ತಪ್ಪ," ಅಂದ್ರು.

ತವರುಮನಿ

ಅವಾಗ ನಾನು ಎದಿ ತಟ್ಟಿ ಹೇಳಿದೆ, ನಾ ಸಾಕಿದ ಹುಳ ನಮ್ಮನಿ ಗುಂಡ್ಯಾಗ ಅದಾವಂತ. ಇಂಜಿನೀರಮ್ಮ ಎದ್ದು ನಿಂತು ತೊಟ್ಟಿ ನೀರು ಬದಲಾಯಿಸಾಕ ಹೇಳಿದ್ಲು. ನಾನು ಮನಿಗೆ ಓಡಿ ಡಬ್ಬಿ ತುಂಬಿದೆ. ಹೊಂಡೂದ್ರಾಗ ಹೆಂಡ್ತಿ ಬಾಗಲಿಗೆ ಅಡ್ಡ ನಿಂತ್ಲು.

"ಒಂದು ಡಬ್ಬ್ಯಾಗ ಬಂದಾಕಿ, ಹೆತ್ತು ಹೆತ್ತು ಗುಂಡಿ ತುಂಬ್ಯಾಳ. ಬಾಣಂತಿನ ತವರುಮನಿಯಿಂದ ಬರಿ ಉಡೀಲೆ ಕಳಸ್ತೀನೇನು?"

ಡಬ್ಬಿಗೆ ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ ಕೊಬ್ಬರಿ ಹಸರು ಕುಬಸದಾಗ ಗಂಟು ಕಟ್ಟಿ, ಅದರ ಕೊರಳಿಗೆ ಬಿಗದು ಕಳಿಸಿದ್ಲು. ಹುಳ ತೊಟ್ಟಿಗೆ ಬಿಟ್ಟು ಡಬ್ಬಿ ಬಾಜೂಕ ಇಟ್ಟೆ.

ಆಫೀಸರು ಮತ್ತ ಬಂದಾಗ ಸೋಮವಾರ. ತೊಟ್ಟಿಯಿಂದ ಬರೋ ನೀರು ತಿಳಿ, ನಾತ ಇಲ್ಲ. ಬಗ್ಗಿ ಬಗ್ಗಿ ಮೂಸಿದ. ಬಾಜೂಕ ಕುಬಸ ತೊಟ್ಟ ಡಬ್ಬಿ ಕಂಡು, "ಇದೇಮಿಟಿ?" ಅಂತ ತೆಲುಗಿನ್ಯಾಗ ಕೇಳಿದ.

"ಬಾಣಂತಿ ಸಾರ್. ತವರಿಂದ ಬಂದಾಳ," ಅಂದೆ.

ಆಫೀಸರು ಡಬ್ಬಿ ನೋಡಿದ, ನನ್ನ ನೋಡಿದ, ಬೀಗದ ಮಾತು ಬಿಟ್ಟು ನಕ್ಕೋಂತ ಜೀಪು ಹತ್ತಿದ.

ಸಾವಕಾರ್ರು ಉಪಾಸದ ಒಣ ತುಟಿ ಸವರ್ಕೋಂತ ಬಂದು, ಬೆಲ್ಲದ ಡಬ್ಬಿ ಕೀಲಿ ನನ್ನ ಕೈಯಾಗಿಟ್ರು.

"ಇವತ್ತು ಸೋಮವಾರ ಅಲ್ರಿ?" ಅಂದೆ.

"ಬಾಣಂತಿಗೆ ಎಂಥಾ ಉಪಾಸಪ್ಪ," ಅಂದ್ರು.