ವೆಂಕಟಲಕ್ಷ್ಮಿಯ ಸಾವು

ಮದುವೆಗೆ ಬಾರದವರು ಆಮೇಲೆ ಎಲ್ಲಾದರೂ ಸಿಕ್ಕಾಗ ಬಗೆಬಗೆಯ ನೆಪ ಹೇಳುತ್ತಾರೆ. ಮಗುವಿಗೆ ಜ್ವರ, ರಜೆ ಸಿಗಲಿಲ್ಲ, ತಾರೀಖು ತಪ್ಪಾಗಿ ಓದಿಕೊಂಡೆವು, ಹೀಗೆ. ಪುಸ್ತಕ ಓದದವರಿಗೆ ಅಷ್ಟು ಕಷ್ಟವಿಲ್ಲ. ಅವರೆಲ್ಲರದೂ ಒಂದೇ ಮಾತು: "ಓದ್ತಾ ಇದೀನಿ, ಚೆನ್ನಾಗಿದೆ." ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೆಂದರೆ, ಯಾರಾದರೂ ದೂರದಿಂದ ನನ್ನನ್ನು ಕಂಡು ಹಲ್ಲು ಬಿಟ್ಟರೆ ಸಾಕು, ಮುಂದಿನ ವಾಕ್ಯ ನನಗೆ ಗೊತ್ತಾಗಿಬಿಡುತ್ತದೆ. ಹೌದು, ನಾನೊಬ್ಬ ಕಾದಂಬರಿಗಾರ್ತಿ. ಪ್ರಕಾಶಕಿಯೂ ನಾನೇ, ಮಾರಾಟಗಾರ್ತಿಯೂ ನಾನೇ, ಗೋದಾಮು ನಮ್ಮ ಮಂಚದ ಕೆಳಗೆ. ಹೊಟ್ಟೆಪಾಡಿಗೆ ಮಾತ್ರ ಕೊಚ್ಚಿಯ ಅಂಬಲಮುಗಳ್‌ನಲ್ಲಿ ಒಂದು ಬ್ಯಾಂಕಿನ ಕೆಲಸ. ಕಿಟಕಿಯಾಚೆ ಎಣ್ಣೆ ಕಾರ್ಖಾನೆಯ ಚಿಮಣಿ, ಕಿಟಕಿಯೀಚೆ ನಾನು, ನಡುವೆ ಗೃಹಸಾಲದ ಕಡತಗಳು. ಇಂಥ ಜಾಗದಲ್ಲಿ ಕೂತು ಕನ್ನಡ ಕಾದಂಬರಿ ಬರೆಯಬೇಕೆಂದು ನನಗೇಕೆ ಅನ್ನಿಸಿತೋ ಆ ದೇವರೇ ಬಲ್ಲ. ಮೈಸೂರಿನಲ್ಲಿ ಇದ್ದಷ್ಟು ಕಾಲ ಪತ್ರಿಕೆಗೊಂದು ಓಲೆ ಬರೆದವಳೂ ನಾನಲ್ಲ.

ಕಾದಂಬರಿಯ ಹೆಸರು 'ವೈಟ್ಟಿಲದಲ್ಲಿ ಇಳಿಯುವವರು'. ವರ್ಗವಾಗಿ ಇಲ್ಲಿಗೆ ಬಂದ ಒಬ್ಬರ ಹೆಂಡತಿ ಪದ್ಮ. ಭಾಷೆ ಬಾರದು, ಬಸ್ಸು ತಿಳಿಯದು, ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದು. ಅವಳು ಮೆಲ್ಲಮೆಲ್ಲಗೆ ಒಂದೊಂದನ್ನೇ ಕಲಿಯುತ್ತಾಳೆ. ಕಡೆಗೆ ವೈಟ್ಟಿಲ ಬಸ್ ನಿಲ್ದಾಣದಲ್ಲಿ ದಿಕ್ಕು ತೋಚದೆ ನಿಂತ ಇನ್ನೊಬ್ಬ ಕನ್ನಡದ ಹೆಂಗಸಿಗೆ ಯಾವ ಬಸ್ಸು ಹತ್ತಬೇಕೆಂದು ತೋರಿಸಿಕೊಡುತ್ತಾಳೆ. ಅಷ್ಟೇ ಕಥೆ. ಬೆಂಗಳೂರಿನ ಪ್ರಕಾಶಕರೊಬ್ಬರು ಹಸ್ತಪ್ರತಿಯನ್ನು ಬಹಳ ಕಾಲ ಇಟ್ಟುಕೊಂಡು ಆಮೇಲೆ ಫೋನಿನಲ್ಲಿ ಕೇಳಿದರು: "ಎಲ್ಲಾ ಕೇರಳದಲ್ಲೇ ಇದಾರಲ್ಲ ಮೇಡಂ, ಒಬ್ಬರಾದ್ರೂ ಊರಿಗೆ ಬರಲ್ವಾ?" ಇನ್ನೊಬ್ಬರು ಸದ್ಯಕ್ಕೆ ಕಾಗದದ ಅಭಾವ ಎಂದರು. ಅದೇ ತಿಂಗಳು ಅವರಲ್ಲಿಂದ ಅಡುಗೆ ಪುಸ್ತಕವೊಂದು ದಪ್ಪವಾಗಿ ಹೊರಬಂತು. ಹೀಗೇ ಊರೂರು ಸುತ್ತಿ ಬಂದ ಹಸ್ತಪ್ರತಿಗೆ ಕಡೆಯಲ್ಲಿ ಸಿಕ್ಕ ಪ್ರಕಾಶಕರು ಮಾತ್ರ ಒಳ್ಳೆಯ ಮನುಷ್ಯ. ಮಗಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: "ಯಾರಾದ್ರೂ ಒಬ್ಬರು ಸಾಯಬೇಕಮ್ಮ. ಸಾವಿಲ್ಲದಿದ್ರೆ ಓದುಗರಿಗೆ ಕಣ್ಣೀರು ಬರಲ್ಲ. ಕಣ್ಣೀರು ಬರದಿದ್ರೆ ಪುಸ್ತಕ ಹೋಗಲ್ಲ. ಒಬ್ಬ ಅತ್ತೆನಾದ್ರೂ ಸಾಯಿಸಿ ಕಳ್ಸು, ನೋಡೋಣ." ಆ ರಾತ್ರಿ ಪೆನ್ನು ಹಿಡಿದು ಕೂತೆ. ಆದರೆ ನನ್ನ ಜನರಲ್ಲಿ ಯಾರನ್ನು ಕೊಲ್ಲಲೂ ಮನಸ್ಸು ಬರಲಿಲ್ಲ. ಪಾಪ, ಒಬ್ಬೊಬ್ಬರೂ ಈಗಷ್ಟೇ ಮಲಯಾಳ ಕಲಿಯುತ್ತಿದ್ದರು.

"ಯಾರೂ ಹಾಕದಿದ್ರೆ ನಾವೇ ಹಾಕಿಸಿದ್ರಾಯ್ತು ಬಿಡು," ಎಂದರು ನಮ್ಮ ಯಜಮಾನರು. ಅವರದು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿ, ಇಂಥ ಉದಾರ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಮನಸ್ಸು ಬದಲಾಗುವ ಮುಂಚೆ ನಾನು ಬೆಂಗಳೂರಿನ ಅಚ್ಚುಕೂಟಕ್ಕೆ ಫೋನು ಮಾಡಿಬಿಟ್ಟೆ. ಕಾಲೇಜು ದಿನಗಳಲ್ಲೇ ಇಟ್ಟುಕೊಂಡಿದ್ದ 'ಸುನಯನಾ' ಎಂಬ ಕಾವ್ಯನಾಮ ಇಷ್ಟು ದಿನ ಕೆಲಸವಿಲ್ಲದೆ ಕೂತಿತ್ತು, ಅದನ್ನು ಮುಖಪುಟಕ್ಕೆ ಹಾಕಿಸಿದೆ. ಹಿಂಬದಿಗೆ ಫೋಟೋ ಬೇಡವೆಂದೆ. ಆ ಹೆಸರಿಗೆ ಹೊಂದುವ ಮುಖ ಕನ್ನಡಿಯಲ್ಲಿ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಪುಸ್ತಕಗಳು ಬಂದಿಳಿದದ್ದೂ ವೈಟ್ಟಿಲದಲ್ಲೇ, ಬಸ್ಸಿನ ಹೊಟ್ಟೆಯಲ್ಲಿ, ಗೋಣಿದಾರ ಬಿಗಿದ ಪೆಟ್ಟಿಗೆಗಳಲ್ಲಿ. ಆಟೋದ ಚೇಟ್ಟನ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು "ಎಂದಾ ಚೇಚೀ ಇದಿಲ್? ಕಲ್ಲಾಣೋ?" ಎಂದ, ಏನಕ್ಕಾ ಇದರಲ್ಲಿ, ಕಲ್ಲಾ ಅಂತ. ಕಲ್ಲಲ್ಲ, ಪುಸ್ತಕ ಎಂದೆ. ಕಲ್ಲಾಗಿದ್ದರೆ ಯಾರಾದರೂ ಕೊಳ್ಳುತ್ತಿದ್ದರಲ್ಲ ಚೇಚಿ ಎಂದು ಮಲಯಾಳದಲ್ಲೇ ಮರುಗಿದ. ಈಗಲೂ ಆ ಮಾತು ನೆನೆದರೆ ಉರಿದುಹೋಗುತ್ತದೆ. ಉರಿಯುವುದು ಅವನ ಮೇಲಲ್ಲ, ಅವನು ಹೇಳಿದ್ದು ಸರಿಯಾಗಿತ್ತಲ್ಲ ಅಂತ.

ಕೊಚ್ಚಿಯಲ್ಲಿ ಕನ್ನಡ ಪುಸ್ತಕ ಮಾರುವುದೆಂದರೆ ಮೀನು ಮಾರ್ಕೆಟ್ಟಿನಲ್ಲಿ ಕೋಸಂಬರಿ ಮಾರಿದ ಹಾಗೆ. ನನ್ನ ಮಗಳಿಗೇ ಕನ್ನಡ ಓದಲು ಬರುವುದಿಲ್ಲ. ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ತಿರುಗಿ ಹೇಳುತ್ತಾಳೆ. ಹೀಗಾಗಿ ತಿರುವನಂತಪುರದ ಕನ್ನಡಿಗರ ಒಂದು ಕೂಟದಲ್ಲಿ ಬಿಡುಗಡೆ ಇಟ್ಟುಕೊಂಡೆವು. ಕಾರ್ಯದರ್ಶಿ ಉಡುಪಿ ಕಡೆಯ ವಾಸುದೇವ ರಾಯರು ಉಪ್ಪಿಟ್ಟು, ಕೇಸರಿಬಾತಿನ ಜೊತೆ ನನ್ನನ್ನೂ ಬಡಿಸಿದರು. ಬಿಡುಗಡೆ ಮಾಡಿದ ಅಧಿಕಾರಿ ಮಲಯಾಳಿ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಂಡೇ ಕನ್ನಡ ಸಾಹಿತ್ಯಕ್ಕೆ ಇದೊಂದು ಮೈಲಿಗಲ್ಲು ಎಂದರು. ಬಂದವರಿಗೆಲ್ಲ ಸಹಿ ಹಾಕಿ ಕೊಟ್ಟೆ. ಆಮೇಲೆ ವರ್ಗವಾದವರಿಗೆ, ನಿವೃತ್ತರಾದವರಿಗೆ, ಗೃಹಪ್ರವೇಶ ಮಾಡಿದವರಿಗೆ, ನಾಮಕರಣಕ್ಕೆ ಕರೆದವರಿಗೆ ಎಲ್ಲರಿಗೂ ಅದೇ ಉಡುಗೊರೆ. ಮೂಲವ್ಯಾಧಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸಹೋದ್ಯೋಗಿಯೊಬ್ಬರಿಗೂ ಆಸ್ಪತ್ರೆಗೇ ಹೋಗಿ ಕೊಟ್ಟು ಬಂದೆ, ಮಲಗಿರುತ್ತಾರಲ್ಲ, ಓದಿಯಾರು ಎಂದು. ಎಲ್ಲರೂ ಓದುತ್ತಲೇ ಇದ್ದರು. ಯಾರೂ ಮುಗಿಸುತ್ತಿರಲಿಲ್ಲ.

ನನಗೆ ಪ್ರಶಸ್ತಿ ಬೇಕಿರಲಿಲ್ಲ. ದುಡ್ಡು ಬರುವುದಿಲ್ಲವೆಂದು ಮೊದಲೇ ಗೊತ್ತಿತ್ತು. ಈ ಭೂಮಿಯ ಮೇಲೆ ಯಾರಾದರೂ ಒಬ್ಬರು ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದಾರೆ ಎಂದು ಖಾತ್ರಿಯಾದರೆ ಸಾಕಿತ್ತು. ಅದಕ್ಕೇ ಒಂದು ಪರೀಕ್ಷೆ ಹುಡುಕಿದೆ. ಚೆನ್ನಾಗಿದೆ ಎಂದವರಿಗೆ ತಣ್ಣಗೆ ಕೇಳುವುದು: "ವೆಂಕಟಲಕ್ಷ್ಮಿ ಸಾಯೋ ಭಾಗ ಹೇಗನ್ನಿಸ್ತು?" ನನ್ನ ಕಾದಂಬರಿಯಲ್ಲಿ ವೆಂಕಟಲಕ್ಷ್ಮಿ ಎಂಬುವಳೇ ಇಲ್ಲ. ಆದರೂ ಆಕೆ ಸತ್ತದ್ದಕ್ಕೆ ಮರುಗದವರಿಲ್ಲ. ನಮ್ಮ ಶಾಖೆಯ ಬಸವರಾಜ, ಹುಬ್ಬಳ್ಳಿಯವನು, "ಭಾಳ ಸಂಕಟ ಆತ್ರಿ ಮೇಡಂ, ಹಂಗ ಆಗಬಾರದಿತ್ತು" ಎಂದ. ನನ್ನ ಸ್ವಂತ ಯಜಮಾನರು "ಸ್ವಲ್ಪ ಬೇಗ ಸಾಯಿಸಿಬಿಟ್ಟೆ ಅನ್ಸುತ್ತೆ" ಎಂದು ವಿಮರ್ಶೆ ಮಾಡಿದರು. ವಾಸುದೇವ ರಾಯರು ಎಲ್ಲರನ್ನೂ ಮೀರಿಸಿದರು: "ಅದನ್ನು ಓದಿ ನನಗೆ ಊಟ ಸೇರ್ಲಿಲ್ಲ ಮಾರಾಯ್ರೆ! ನನ್ನ ಹೆಂಡ್ತಿ ಅಂತೂ ಕಣ್ಣೀರು ಹಾಕಿ ಒಂದೇ ಸಮ ಕೂಗಿದ್ದು." ಪ್ರಕಾಶಕರು ಹೇಳಿದ್ದು ಸುಳ್ಳಲ್ಲ. ಸಾವಿಗೆ ಕಣ್ಣೀರು ಗ್ಯಾರಂಟಿ, ಪುಸ್ತಕ ಬಿಡಿಸುವ ಅಗತ್ಯ ಕೂಡ ಇಲ್ಲ.

ಹೋದ ತಿಂಗಳು ತರಬೇತಿಗೆಂದು ತಿರುವನಂತಪುರಕ್ಕೆ ಹೊರಟಾಗ ಬಸವರಾಜ ಒಂದು ಚೀಲ ಜೋಳದ ಹಿಟ್ಟು ತಂದು ಕೈಗಿಟ್ಟ. ಅವನ ಅಕ್ಕ ಕಮಲಕ್ಕ, ಭಾವನಿಗೆ ಬಾಹ್ಯಾಕಾಶ ಕೇಂದ್ರಕ್ಕೆ ವರ್ಗವಾಗಿ ಅಲ್ಲಿಗೆ ಹೊಸದಾಗಿ ಬಂದಿದ್ದರು. ಹೊರನಾಡಿನಲ್ಲಿ ನಾವು ಯಾರು ಎಲ್ಲಿಗೆ ಹೊರಟರೂ ಕೈಯಲ್ಲಿ ಇನ್ನೊಬ್ಬರ ಹಿಟ್ಟೋ ಚಟ್ನಿಪುಡಿಯೋ ಇದ್ದೇ ಇರುತ್ತದೆ. ತರಬೇತಿ ಮುಗಿಸಿ, ರೈಲು ನಿಲ್ದಾಣವಿರುವ ತಂಪಾನೂರಿನ ಲಾಡ್ಜಿನಿಂದ ಆಟೋ ಹಿಡಿದು ವಿಳಾಸ ಹುಡುಕುತ್ತಾ ಹೋದರೆ ನನ್ನ ಆಟೋ ನಿಂತದ್ದು ವಾಸುದೇವ ರಾಯರು ಇದ್ದ ಮನೆಯ ಮುಂದೆ! ಇದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ. ಇಲ್ಲಿ ಒಂದು ಕನ್ನಡ ಕುಟುಂಬ ಖಾಲಿ ಮಾಡಿದ ಮನೆ ಇನ್ನೊಂದು ಕನ್ನಡ ಕುಟುಂಬದ ಕೈಗೇ ಹೋಗುತ್ತದೆ. ಜೊತೆಗೆ ಲಾರಿಗೆ ಏರಿಸಲು ಯೋಗ್ಯವಲ್ಲದ ಸಾಮಾನೂ ಹೋಗುತ್ತದೆ. ಕಾಲು ಅಲುಗಾಡುವ ಸ್ಟೂಲು, ಪರದೆ ಕಡ್ಡಿ, ಉಪ್ಪಿನಕಾಯಿ ಜಾಡಿ, ಹಿಂದಿನ ವರ್ಷದ ಪಂಚಾಂಗ. ರಾಯರಿಗೆ ಅಹಮದಾಬಾದಿಗೆ ವರ್ಗವಾಗಿತ್ತು.

"ಬರ್ರಿ ಬರ್ರಿ, ಒಳಗ ಬರ್ರಿ! ಹಿಟ್ಟು ತಂದ್ರಿ, ಪುಣ್ಯಾ ಬರ್ತದ ನಿಮಗ," ಎಂದು ಕಮಲಕ್ಕ ಚೀಲವನ್ನು ಮಗುವಿನಂತೆ ಎತ್ತಿಕೊಂಡರು. ಬಸವರಾಜ ನನ್ನನ್ನು 'ಬ್ಯಾಂಕಿನ ಲಲಿತಾ ಮೇಡಂ' ಎಂದಷ್ಟೇ ಹೇಳಿದ್ದ. ಅವರು ಚಹಾಕ್ಕಿಡಲು ಹೋದಾಗ ನನ್ನ ಕಣ್ಣು ಟೀಪಾಯಿಯ ಮೇಲೆ ಬಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ ಒಂದು ಪುಸ್ತಕ. ಬಿಡಿಸಿದರೆ ನನ್ನದೇ ಅಕ್ಷರ! 'ಆತ್ಮೀಯ ವಾಸುದೇವ ರಾಯ ದಂಪತಿಗಳಿಗೆ, ಪ್ರೀತಿಯಿಂದ, ಸುನಯನಾ.' ಊಟ ಬಿಟ್ಟ ರಾಯರು, ಅತ್ತು ಕರೆದ ಅವರ ಹೆಂಡತಿ, ಇಬ್ಬರೂ ಸೇರಿ ನನ್ನನ್ನು ಉಪ್ಪಿನಕಾಯಿ ಜಾಡಿಯ ಜೊತೆ ಬಿಟ್ಟುಹೋಗಿದ್ದರು.

"ಅದೇನ್ರಿ, ಹಿಂದಿನವ್ರು ಅಟ್ಟದ ಮ್ಯಾಲ ಬಿಟ್ಟು ಹೋಗಿದ್ರು," ಎಂದು ಕಮಲಕ್ಕ ಚಹಾ ತಂದಿಟ್ಟರು. "ನಾ ಬಂದಾಗ ಭಾಷಾ ಇಲ್ಲ, ಮಾತಾಡ್ಲಿಕ್ಕೆ ಮಂದಿ ಇಲ್ಲ. ಮನಿಯವ್ರು ಡ್ಯೂಟಿಗೆ ಹೋದ್ರ ಗ್ವಾಡಿ ಜೋಡಿ ಮಾತಾಡ್ಬೇಕು. ಅವಾಗ ಇದು ಸಿಕ್ತು ನೋಡ್ರಿ. ಆ ಪದ್ಮಾ ಕಾಯಿಪಲ್ಯೆ ಅಂಗಡ್ಯಾಗ ಬದನಿಕಾಯಿ ಕೇಳ್ಲಿಕ್ಕೆ ಬರದ ಅಳ್ತಾಳಲ್ಲ? ನಾನೂ ಅಲ್ಲೇ ಅತ್ತೆ. ಮರುದಿನ ಚೀಲ ಹಿಡಕೊಂಡು ನಾನೂ ಅಂಗಡಿಗೆ ಹೋದೆ." ಕಮಲಕ್ಕ ಅಲ್ಲಿಗೇ ನಿಲ್ಲಿಸಲಿಲ್ಲ. "ನಡುವ ಮಾತ್ರ ಭಾಳ ಎಳದಾಳ್ರಿ. ಬಸ್ಸು ಬಂತು, ಬಸ್ಸು ಹೋತು, ಯಾರಿಗೆ ಬೇಕು ಅದೆಲ್ಲಾ? ಎರಡನೇ ಸರ್ತಿ ಓದುವಾಗ ನಾ ಅದನ್ನ ಹಾರಿಸಿಬಿಟ್ಟೆ."

ಎರಡನೇ ಸಲ! ನಾನೇ ಸುನಯನಾ ಎಂದು ಕೂಗಿ ಹೇಳಬೇಕೆಂದು ಬಾಯಿಯವರೆಗೂ ಬಂತು. ಆದರೆ ನನ್ನ ಹಾಳು ಅಭ್ಯಾಸ ನೋಡಿ, ಬಾಯಿಯಿಂದ ಹೊರಬಿದ್ದದ್ದು ಬೇರೆಯೇ. "ಆ ವೆಂಕಟಲಕ್ಷ್ಮಿ ಸಾಯೋ ಭಾಗ ಹೇಗನ್ನಿಸ್ತು?"

ಕಮಲಕ್ಕ ಹುಬ್ಬು ಗಂಟಿಕ್ಕಿದರು. "ಯಾವ ವೆಂಕಟಲಕ್ಷ್ಮಿ?"

"ಅದೇ, ಕೊನೇಲಿ…"

"ಕೊನೀಗೆ ಪದ್ಮಾ ಆಕಿಗೆ ಬಸ್ ತೋರಿಸ್ತಾಳ. ಯಾರೂ ಸಾಯೂದಿಲ್ರಿ ಇದರಾಗ! ಅದಕ್ಕೇ ಮತ್ತ ನನಗ ಇದು ಸೇರಿದ್ದು. ಊರು ಬಿಟ್ಟು ಬಂದಾವ್ರಿಗೆ ಮೊದಲೇ ಜೀವಕ್ಕ ಸಾಕಾಗಿರ್ತದ, ಮ್ಯಾಲೊಂದು ಹೆಣಾ ಬ್ಯಾರೆ ಯಾಕ?" ಎಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಓದೇ ಇಲ್ಲ ಬಿಡ್ರಿ, ಲಲಿತಾ ಮೇಡಂ. ಓದಿಲ್ಲಂದ್ರ ಓದಿಲ್ಲ ಅನಬೇಕು. ಸುಳ್ಳು ಯಾಕ ಹೇಳ್ತೀರಿ?"

ಸಂತೋಷಕ್ಕೆ ನನಗೆ ಅಳುವೇ ಬಂತು. ಕಮಲಕ್ಕ ಅದನ್ನು ಅವಮಾನವೆಂದು ತಿಳಿದು ಮೆತ್ತಗಾದರು. "ಹೋಗ್ಲಿ ಬಿಡ್ರಿ, ಅಳಬ್ಯಾಡ್ರಿ. ತೊಗೊಂಡು ಹೋಗ್ರಿ, ರೈಲಿನ್ಯಾಗ ಓದ್ರಿ. ಆದ್ರ ವಾಪಸ್ ಕಳಿಸ್ಬೇಕು ಮತ್ತ! ಪುಸ್ತಕಾ ಒಯ್ದಾವ್ರು ತಿರಿಗಿ ಕೊಡೂದಿಲ್ಲ." ಮಂಚದ ಕೆಳಗೆ ಮಗ್ಗಲು ಬದಲಿಸಲೂ ಜಾಗವಿಲ್ಲದಂತೆ ನನ್ನ ಪುಸ್ತಕ ಮಲಗಿರುವಾಗ, ನಾನು ಅದರ ಒಂದು ಪ್ರತಿಯನ್ನು ತಪ್ಪದೆ ಹಿಂದಿರುಗಿಸುತ್ತೇನೆಂದು ಮಾತು ಕೊಟ್ಟು ಕಡ ತಂದೆ. ನಿಜ ಹೇಳಲಿಲ್ಲ. ಹೇಳಿದ ಕೂಡಲೇ ಆ ಬಸ್ಸಿನ ವರ್ಣನೆ ಕೂಡ ಅವರಿಗೆ ಚೆನ್ನಾಗಿ ಕಂಡುಬಿಟ್ಟರೆ? ಇದ್ದ ಒಬ್ಬ ಓದುಗರನ್ನು ಹಾಗೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ತಂಪಾನೂರಿನಲ್ಲಿ ರೈಲು ಹತ್ತಿ, ಕಿಟಕಿ ಪಕ್ಕ ಕೂತು, ಭಕ್ತಿಯಿಂದ ಮೊದಲ ಪುಟ ತೆರೆದೆ. ಅಚ್ಚಾದ ಮೇಲೆ ನಾನು ಅದನ್ನು ಓದಲು ಕೂತದ್ದು ಅದೇ ಮೊದಲು. ಕಮಲಕ್ಕ ಹೇಳಿದ್ದು ನಿಜ, ಬಸ್ಸುಗಳು ಬಹಳ ಬರುತ್ತವೆ. ಕೊಲ್ಲಂ ಬರುವ ಹೊತ್ತಿಗೆ ನನಗೆ ಗಾಢ ನಿದ್ರೆ. ಮನೆಗೆ ಬಂದ ಮೇಲೆ ಇವತ್ತು ಓದೋಣ, ನಾಳೆ ಓದೋಣ ಎಂದು ಪುಸ್ತಕ ಫ್ರಿಜ್ಜಿನ ಮೇಲೆ ಕೂತಿದೆ. ಪುಟ ಗುರುತಿಗೆ ಒಂದು ಕರೆಂಟ್ ಬಿಲ್ಲು ಇಟ್ಟಿದ್ದೇನೆ. ನಿನ್ನೆ ಸಂಜೆ ಕಮಲಕ್ಕನ ಫೋನು ಬಂತು. "ಏನ್ರಿ ಲಲಿತಾ ಮೇಡಂ, ಓದಿ ಮುಗಿಸಿದ್ರೇನು?"

"ಓದ್ತಾ ಇದೀನಿ ಕಮಲಕ್ಕಾ," ಎಂದೆ, "ಚೆನ್ನಾಗಿದೆ."