ಉಪಗ್ರಹ ತೋರಿಸಿದ ಡಬ್ಬಿಗೆ ಹನ್ನೊಂದು ಶೇಂಗಾ ಉಂಡಿ

ಪಕ್ಕದ ಮನೆಯ ಸುಶೀಲಾಬಾಯಿಯ ಡಬ್ಬಿ ತೊಳೆದು ಒರೆಸುತ್ತಿದ್ದೆ. ಅದರಲ್ಲಿ ಚಕ್ಕುಲಿ ಬಂದಿತ್ತು. ಬಂದ ಡಬ್ಬಿಯನ್ನು ಖಾಲಿ ಕೊಡಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಸಕ್ಕರೆ ಹಾಕಿ ಮುಚ್ಚಳ ಒತ್ತುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಖಾನಾಪುರದಿಂದ ನಮ್ಮ ಮೈದುನ ಶಿವಾನಂದ.

"ವೈನಿ, ನನ್ನ ಕಾಲು ಮುರದೈತ್ರಿ."

"ಅಯ್ಯ ಶಿವನ! ಹ್ಯಾಂಗ?"

"ಸಾಲಿ ಮೆಟ್ಟಲದಾಗ ಜಾರಿದೆ. ಅದು ಇರ್ಲಿ ಬಿಡ್ರಿ. ನನ್ನ ಡಬ್ಬಿ ಹುಡುಕಾಕ ಮಂದಿ ಬರಾಕತ್ತಾರ!"

ಕಾಲು ಮುರಿದುಕೊಂಡವನ ದನಿಯಲ್ಲಿ ಇಷ್ಟು ಸಂತೋಷವನ್ನು ನಾನು ಎಂದೂ ಕೇಳಿರಲಿಲ್ಲ.

ಶಿವಾನಂದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾನೆ. ಹಿಂದಿನ ವರ್ಷ ಅವನಿಗೆ ಒಂದು ಹುಚ್ಚು ಹಿಡಿದಿತ್ತು. ಅದರ ಹೆಸರು ಜಿಯೋಕ್ಯಾಶಿಂಗ್. ಅಡವಿಯಲ್ಲಿ ಒಂದು ಡಬ್ಬಿ ಬಚ್ಚಿಡುವುದು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುವುದು. ಯಾರೋ ಅಪರಿಚಿತರು ಅಂಗೈಯಗಲದ ಜಿಪಿಎಸ್ ಯಂತ್ರ ಹಿಡಿದು, ಉಪಗ್ರಹದ ಸಹಾಯದಿಂದ ಅದನ್ನು ಹುಡುಕಿ, ಒಳಗಿನ ನೋಟುಬುಕ್ಕಿನಲ್ಲಿ ಸಹಿ ಹಾಕಿ, ಡಬ್ಬಿಯನ್ನು ಅಲ್ಲೇ ಇಟ್ಟು ಹೋಗುವುದು. ಇಷ್ಟೇ ಆಟ! ಅವನು ಗುಂಜಿಯ ಅಡವಿಯಲ್ಲಿ ಡಬ್ಬಿ ಇಟ್ಟು ಎಂಟು ತಿಂಗಳಾಗಿದ್ದವು. ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಈಗ ಮೊದಲ ಸಲ ಕೊಲ್ಹಾಪುರದಿಂದ ಗಂಡಹೆಂಡತಿ ಬರುವವರಿದ್ದರು. ಅದೂ ಬರುವ ರವಿವಾರ.

"ಮಳಿಗಾಲ ಮುಗದೈತಿ, ಡಬ್ಬಿ ಇದ್ದ ಜಾಗಾದಾಗ ಐತೋ ಇಲ್ಲೋ ಗೊತ್ತಿಲ್ಲ. ನೀವು ಅಣ್ಣ ಇಬ್ಬರೂ ಹೋಗಿ ನೋಡಿ ಬರ್ರಿ. ಬರೇ ನೋಡ್ರಿ ವೈನಿ. ಮತ್ತೇನೂ ಮಾಡಬ್ಯಾಡ್ರಿ. ದಾರ್ಯಾಗ ಯಾರನ್ನೂ ಕೇಳಬ್ಯಾಡ್ರಿ, ಗುಟ್ಟು ಬಯಲಾಕ್ಕೈತಿ."

ಬರೇ ನೋಡಿ ಬರುವುದು! ಇಪ್ಪತ್ತೆರಡು ವರ್ಷ ಸಂಸಾರ ತೂಗಿಸಿದವಳಿಗೆ ಇದೊಂದು ಕೆಲಸವೇ?

ನಮ್ಮ ಯಜಮಾನರಿಗೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ. ಅವರಿಗೆ ಉಪಗ್ರಹದಲ್ಲಿ ವಿಶ್ವಾಸವಿಲ್ಲ. "ಗುಂಜ್ಯಾಗ ಇಳದು ಯಾರನರೆ ಕೇಳಿದ್ರ ಆತು. ಅದಕ್ಕ ಮ್ಯಾಲೆ ಆಕಾಶದಾಗಿಂದ ಒಬ್ಬಾಂವ ಯಾಕ ಹೇಳಬೇಕು?" ಎಂದರು. ಆದರೂ ಬುಧವಾರ ಅಂಗಡಿ ಬಿಟ್ಟು ಹೊರಟರು. ನಾನು ದಾರಿಗೆಂದು ಅವರ ಅಂಗಡಿಯದೇ ಬೆಲ್ಲ ಹಾಕಿ ಹನ್ನೆರಡು ಶೇಂಗಾ ಉಂಡಿ ಕಟ್ಟಿಕೊಂಡೆ.

ಖಾನಾಪುರದಲ್ಲಿ ಶಿವಾನಂದ ಯಂತ್ರ ಕೊಟ್ಟ. ಅದರಲ್ಲಿ ಮೂರು ವೇಪಾಯಿಂಟ್ ಇದ್ದವು. ದಾರಿಯ ಗುರುತುಗಳಿಗೆ ಹಾಗೆನ್ನುತ್ತಾರಂತೆ. ಮೊದಲನೆಯದು ಗುಂಜಿ ಸ್ಟೇಷನ್, ಎರಡನೆಯದು ಗಾಡಿದಾರಿ ಕವಲೊಡೆಯುವ ಜಾಗ, ಮೂರನೆಯದು ಡಬ್ಬಿ. ಬಾಣ ತೋರಿಸಿದತ್ತ ನಡೆದರೆ ಸಾಕು. ಇರಲಿ ಎಂದು ಮೂರನೆಯದರ ಅಂಕಿಗಳನ್ನು ಚೀಟಿಯಲ್ಲಿಯೂ ಬರೆದುಕೊಟ್ಟ.

ಹೊಸ ಕೆಲಸಕ್ಕೆ ಹೊರಟಾಗ ಆಯುಧಕ್ಕೆ ವಿಭೂತಿ ಹಚ್ಚದೆ ಇರಲು ನನ್ನಿಂದಾಗುವುದಿಲ್ಲ. ರೈಲಿನಲ್ಲಿ ಕುಳಿತ ಮೇಲೆ ಯಂತ್ರಕ್ಕೆ ಮೂರು ಬೆರಳು ವಿಭೂತಿ ಎಳೆದು ಕೈಮುಗಿದೆ. ಪುಡಿ ಗುಂಡಿಗಳ ಸಂದಿಗೆ ಇಳಿಯಿತು. ಸೆರಗಿನ ತುದಿ ಒದ್ದೆ ಮಾಡಿ ಚೆನ್ನಾಗಿ ಒರೆಸಿದೆ. ಯಂತ್ರ ಕುಂಯ್ ಎಂದಿತು. ಏನೋ ಕೇಳಿತು. ನಾನು ಒರೆಸುತ್ತಲೇ ಇದ್ದೆ. ಮತ್ತೊಮ್ಮೆ ಕುಂಯ್ ಎಂದಿತು.

ಮೂರನೆಯ ವೇಪಾಯಿಂಟ್ ಶಿವಸಾಯುಜ್ಯ ಹೊಂದಿತ್ತು!

"ಈಗೇನ್ ಮಾಡ್ತಿ?" ಎಂದರು ಇವರು.

"ಚೀಟಿ ಐತಲ್ಲ!" ಎಂದೆ. ಚೀಟಿ ನೋಡಿ ಒಂದೊಂದೇ ಅಂಕಿ ಹಾಕಿದೆ. ಬಾಣ ಮತ್ತೆ ಮೂಡಿತು. ನನ್ನ ಎದೆ ಎರಡು ಇಂಚು ಉಬ್ಬಿತು.

ಗುಂಜಿಯಲ್ಲಿ ಇಳಿದೆವು. ಕವಲುದಾರಿಯವರೆಗೆ ಎಲ್ಲ ಸುಸೂತ್ರ. ಮುಂದೆ ಗಿಡಗಳ ನೆರಳು ದಟ್ಟವಾದಂತೆ ಯಂತ್ರಕ್ಕೆ ಆಕಾಶ ಕಾಣದೆ ಬಾಣ ಗಿರಗಿರ ತಿರುಗತೊಡಗಿತು. ನಾನು ಎರಡೂ ಕೈಯಲ್ಲಿ ಅದನ್ನು ಆರತಿಯಂತೆ ಎತ್ತಿ ಹಿಡಿದು ನಡೆದೆ. ಇವರು ಹಿಂದೆ ಉಂಡಿಯ ಚೀಲ ಹಿಡಿದು ಬಂದರು. ಕೊನೆಗೆ "ಇನ್ನು ಐದು ಮೀಟರ್" ಎಂದು ಯಂತ್ರ ತೋರಿಸಿತು. ತಲೆಯೆತ್ತಿ ನೋಡಿದೆ. ಯಾರದೋ ದನದ ಕೊಟ್ಟಿಗೆ! ಐದು ಮೀಟರಿಗೆ ಸರಿಯಾಗಿ ಸಗಣಿಯ ತಿಪ್ಪೆ!

ಶಿವಾನಂದ ಜಾಣ, ಯಾರೂ ಕೈಹಾಕದ ಕಡೆ ಬಚ್ಚಿಟ್ಟಿದ್ದಾನೆ ಎಂದುಕೊಂಡು, ಒಂದು ಕೋಲು ತೆಗೆದುಕೊಂಡು ತಿಪ್ಪೆ ಕೆದರತೊಡಗಿದೆ. ಕೊಟ್ಟಿಗೆಯ ಯಜಮಾನಿ ಹೊರಗೆ ಬಂದಳು.

"ಬಾಯಾರ, ಏನ ಹುಡುಕಾಕತ್ತೀರಿ?"

ಗುಟ್ಟು ಹೇಳುವಂತಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲ. ಬಾಯಿಗೆ ಬಂದದ್ದು ಅಂದೆ: "ನಮ್ಮ ಆಡು ತಪ್ಪಿಸ್ಕೊಂಡೈತ್ರಿ."

"ತಿಪ್ಪ್ಯಾಗ?"

ನಾನು ಕೋಲು ಕೆಳಗೆ ಹಾಕಿದೆ.

"ಯಾವೂರವರ ನೀವು?"

"ಬೆಳಗಾವ್ಯಾಗ ಅನಗೋಳ್ರಿ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅನಗೋಳದ ಆಡು ಗುಂಜಿಗೆ ರೈಲಿನ್ಯಾಗ ಬಂತೇನ್ರಿ?"

ಇವರು ಆ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು. ಆದರೂ ಪುಣ್ಯಾತಗಿತ್ತಿ ಆಕೆ, ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. "ಆಡು ಕರೇದೋ ಬಿಳೇದೋ?" ಎಂದು ಕೇಳಿ ತನ್ನ ಮಾವನನ್ನೂ ಹುಡುಕಲು ಕಳಿಸಿದಳು. ಇಲ್ಲದ ಆಡಿಗಾಗಿ ಆ ಮುದುಕ ಬಿಸಿಲಲ್ಲಿ ಕೂಗುತ್ತ ಹೋದದ್ದನ್ನು ನೆನೆದರೆ ಇಂದಿಗೂ ಪೂಜೆಯ ಹೊತ್ತಿಗೆ ಕಣ್ಣುಮುಚ್ಚಲು ಹೆದರಿಕೆಯಾಗುತ್ತದೆ.

ಇವರು ಚೀಟಿ ತೆಗೆದು ಯಂತ್ರದೊಡನೆ ತಾಳೆ ನೋಡಿದರು. ನಾಲ್ಕು ಇರಬೇಕಾದಲ್ಲಿ ಒಂದು, ಒಂದು ಇರಬೇಕಾದಲ್ಲಿ ನಾಲ್ಕು ಹಾಕಿದ್ದೆ. ಫೋನಿನಲ್ಲಿ ಅಂಕಿ ತಪ್ಪಿದರೆ ಬೇರೆಯವರ ಮನೆ ಸಿಗುತ್ತದೆ. ಇಲ್ಲಿ ಬೇರೆಯವರ ಕೊಟ್ಟಿಗೆ ಸಿಕ್ಕಿತ್ತು. ಅರ್ಧ ಕಿಲೋಮೀಟರ್ ಹಿಂದೆ ಬಂದೆವು.

ಈ ಸಲ ಬಾಣ ಒಂದು ದೊಡ್ಡ ಮತ್ತಿಮರದ ಬುಡಕ್ಕೆ ಬಂದು ನಿಂತಿತು. ಬೇರಿನ ಪೊಟರೆಯ ಕಲ್ಲು ಸರಿಸಿದೆ. ಡಬ್ಬಿ ಇತ್ತು. ಎತ್ತಿ ತಿರುವಿ ನೋಡಿದೆ.

ಅದು ನಮ್ಮ ಮಾವನವರ ಅಲ್ಯುಮಿನಿಯಂ ಬುತ್ತಿಡಬ್ಬಿ! ಎಡಬದಿಗೆ ತಗ್ಗು, ತಳದಲ್ಲಿ ಮೊಳೆಯಿಂದ ಕೊರೆದ ಅವರ ಹೆಸರು. ಮಾವನವರು ಇದೇ ಗುಂಜಿಯ ಕಡೆ ರೈಲ್ವೆ ಹಳಿಯ ಕೆಲಸದಲ್ಲಿದ್ದರು. ದಿನಾ ರೊಟ್ಟಿ ಒಯ್ಯುತ್ತಿದ್ದರು. ಸಂಜೆ ಅದೇ ಡಬ್ಬಿಯಲ್ಲಿ ಕವಳಿಹಣ್ಣೋ ನೆಲ್ಲಿಕಾಯೋ ಬರುತ್ತಿತ್ತು. ನಾನು ಹೊಸದಾಗಿ ಬಂದ ವರ್ಷ, "ತಗೋ ಮಗಳ. ಡಬ್ಬಿ ತುಂಬಿ ಹೋಗಿರ್ತೈತಿ, ಖಾಲಿ ಹ್ಯಾಂಗ ಬರಬೇಕು?" ಎಂದಿದ್ದರು. ನಮ್ಮ ಮನೆಯ ಕಟ್ಟಳೆ ಹುಟ್ಟಿದ್ದು ಆ ಡಬ್ಬಿಯಿಂದ.

ತೆರೆದು ನೋಡಿದರೆ ಒಂದು ನೋಟುಬುಕ್ಕು, ಒಂದು ಪೆನ್ಸಿಲ್. ಮೊದಲ ಪುಟದಲ್ಲಿ ಶಿವಾನಂದನ ಅಕ್ಷರ: 'ಇದು ನಮ್ಮ ಅಪ್ಪ ಕುಳಿತು ಊಟ ಮಾಡುತ್ತಿದ್ದ ಮರ. ಬಂದವರು ಹೆಸರು ಬರೆಯಿರಿ.'

ಮಿಕ್ಕ ಡಬ್ಬಿ ಪೂರ್ತಿ ಖಾಲಿ.

ಕೊಲ್ಹಾಪುರದಿಂದ ಅತಿಥಿಗಳು ಬರುತ್ತಾರೆ. ಮಾವನವರ ಡಬ್ಬಿ ತೆರೆಯುತ್ತಾರೆ. ಒಳಗೆ ಪೆನ್ಸಿಲ್! ನನಗೆ ತಡೆಯಲಾಗಲಿಲ್ಲ.

"ಏ, ಅಂವ ಬರೇ ನೋಡ್ರಿ ಅಂದಾನ," ಎಂದರು ಇವರು.

"ನಿಮಗ ತಿಳಿಯೂದಿಲ್ಲ, ಸುಮ್ಕಿರ್ರಿ."

ದಾರಿಯಲ್ಲಿ ಇವರಿಗೆ ಒಂದು ಉಂಡಿ ಕೊಟ್ಟಿದ್ದೆ. ಉಳಿದ ಹನ್ನೊಂದನ್ನೂ ಜೋಡಿಸಿ, ಮುಚ್ಚಳ ಒತ್ತಿ, ಕಲ್ಲು ಇಟ್ಟು, ಮೂರು ಸಲ ಕೈಮುಗಿದು ಬಂದೆ. ಶಿವಾನಂದನಿಗೆ "ಡಬ್ಬಿ ಜ್ವಾಕಿ ಐತಿ" ಎಂದಷ್ಟೇ ಹೇಳಿದೆ. ಉಂಡಿಯ ಸುದ್ದಿ ಅತಿಥಿಗಳ ಬಾಯಿಂದಲೇ ಬರಲಿ, ಹೊಗಳಿಕೆ ಆಗ ಹೆಚ್ಚು ರುಚಿ ಎಂದು!

ರವಿವಾರ ಖಾನಾಪುರದಲ್ಲಿ ಶಿವಾನಂದನ ಮನೆಗೆ ಹೋಗಿ ಹೋಳಿಗೆ ಮಾಡಿದೆ. ಮೈದುನ ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲಿಟ್ಟು ಬಾಗಿಲನ್ನೇ ನೋಡುತ್ತಿದ್ದ. ಮಧ್ಯಾಹ್ನ ಗುಂಜಿಯ ಅಡವಿಯಿಂದ ಕೊಲ್ಹಾಪುರದ ಗಂಡಹೆಂಡತಿ ಊಟಕ್ಕೆ ಬಂದರು. ಆಕೆಯ ತವರು ನಿಪ್ಪಾಣಿ, ಕನ್ನಡ ಬರುತ್ತಿತ್ತು. ಆಕೆ ಚೀಲದಿಂದ ಏನನ್ನೋ ತೆಗೆದು ಶಿವಾನಂದನ ಮುಂದಿಟ್ಟಳು.

ಬರೀ ಮುಚ್ಚಳ!

"ಗಿಡದ ತುಂಬ ಮಂಗ್ಯಾ ಕುಂತಿದ್ವು ಸರ್. ಯಂತ್ರ ನೋಡೂದ ಬೇಕಾಗ್ಲಿಲ್ಲ. ನೋಟ್‌ಬುಕ್ ಹರದು ಚೂರು ಮಾಡಿದ್ವು. ಡಬ್ಬಿ ಎತ್ಕೊಂಡು ಒಂದು ಓಡಿಹೋತು, ಭಾಳ ಹುಡುಕಿದ್ವಿ. ಯಾರೋ ಒಳಗ ತಿನ್ನೂದು ಇಟ್ಟಾರ. ತಿನ್ನೂದು ಇಡಬಾರದು, ಈ ಆಟಕ್ಕ ಅದು ಮೊದಲ್ನೇ ನೇಮ. ಅಷ್ಟೂ ತಿಳಿಲಾರದಾಂವ ಯಾರೋ!"

ಬಡಿಸುತ್ತಿದ್ದ ಹೋಳಿಗೆಯ ತಾಟು ಕೆಳಗಿಟ್ಟೆ. ಸುಮ್ಮನಿರಬಹುದಿತ್ತು. ಆದರೆ ಆಡಿನ ಸುಳ್ಳೊಂದೇ ನನ್ನ ಪಾಲಿಗೆ ಸಾಕಾಗಿತ್ತು.

"ನಾನ ಇಟ್ಟಿದ್ದೆ," ಎಂದೆ. "ಶೇಂಗಾ ಉಂಡಿ. ಹನ್ನೊಂದು."



"ನನಗ ಒಂದ ಕೊಟ್ಟಿದ್ಲು," ಎಂದರು ಇವರು.

ಶಿವಾನಂದ ಬೈಯುತ್ತಾನೆಂದು ಕಾದೆ. ಅವನು ಮುಚ್ಚಳವನ್ನು ತಿರುವಿ ತಿರುವಿ ನೋಡಿದ. "ಅಪ್ಪನ ಡಬ್ಬಿ ಅಂತ ಗುರ್ತ ಹಿಡದ್ರೇನು ವೈನಿ? ಖಾಲಿ ಬಿಡಾಕ ಮನಸ್ಸಾಗ್ಲಿಲ್ಲ, ಹೌದಲ್ರಿ?" ಎಂದ, ಮೆಲ್ಲಗೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅತಿಥಿಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಹಿ ಹಾಕಿಕೊಟ್ಟರು. ಆಮೇಲೆ ನಾವಿಬ್ಬರೂ ಎರಡು ಸಲ ಗುಂಜಿಗೆ ಹೋಗಿ ಹುಡುಕಿದೆವು. ಯಂತ್ರ ಒಂದು ಹೆಜ್ಜೆಯೂ ತಪ್ಪದೆ ಮತ್ತಿಮರದ ಬುಡಕ್ಕೆ ಕರೆದೊಯ್ದಿತು. ನಾನೂ ಈಗ ಅಂಕಿ ತಪ್ಪುವುದಿಲ್ಲ. ಜಾಗ ಸಿಗುತ್ತದೆ, ಡಬ್ಬಿ ಇಲ್ಲ. ದೇವರು ದೊಡ್ಡವನು, ಪೆನ್ಸಿಲ್ ಮಾತ್ರ ಸಿಕ್ಕಿತು.

"ಮುಚ್ಚಳ ನಿಮ್ಮ ಕಡೇನ ಇರ್ಲಿ ವೈನಿ," ಎಂದು ಶಿವಾನಂದ ಕೊಟ್ಟ. ಮನೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬೆಳ್ಳಗಾಯಿತು. ಹಾಲಿನ ಪಾತ್ರೆಗೆ ಇಟ್ಟು ನೋಡಿದೆ, ದೊಡ್ಡದಾಯಿತು. ಮೊಸರಿನದಕ್ಕೆ ಇಟ್ಟೆ, ಸಣ್ಣದಾಯಿತು. ಅಡುಗೆಮನೆಯ ಯಾವ ಪಾತ್ರೆಗೂ ಅದು ಕೂಡಲಿಲ್ಲ. ಕೊನೆಗೆ ದೇವರಮನೆಯ ಜಗುಲಿಯ ಮೇಲೆ ದೇವರ ಬಾಜು ಇಟ್ಟೆ.

ಅಷ್ಟರಲ್ಲಿ ಕಟ್ಟೆಯ ಮೇಲೆ ಸುಶೀಲಾಬಾಯಿಯ ಡಬ್ಬಿ ಕಂಡಿತು. ಈ ಸಲ ಅದರಲ್ಲಿ ಅವಲಕ್ಕಿ ಬಂದಿತ್ತು. ತೊಳೆದೆ, ಒರೆಸಿದೆ. ಕೈ ತಾನಾಗಿಯೇ ಸಕ್ಕರೆಗೆ ಹೋಯಿತು. ಸ್ವಲ್ಪ ಹೊತ್ತು ತಡೆದೆ. ಆಮೇಲೆ ಒಂದು ಹಿಡಿ ಹಾಕಿ ಮುಚ್ಚಳ ಒತ್ತಿದೆ. ಅವಳ ಮನೆ ನಮ್ಮ ಬಾಗಿಲಿಂದ ಹದಿನಾಲ್ಕು ಹೆಜ್ಜೆ.

ಹೊರಗೆ ಕಾಲಿಡುವ ಮೊದಲು, ಅಂಗಳದ ನುಗ್ಗೆಗಿಡದ ಮೇಲೆ ಯಾರಾದರೂ ಕುಳಿತಿದ್ದಾರೆಯೇ ಎಂದು ಎರಡು ಸಲ ನೋಡಿದೆ.